ಐದಕ್ಕೆ ಐದು

ಎರಡು ಕೊಟ್ಟುಕೊಂಡರೆ ಮಾನ ಹೋಗುತ್ತದೆ, ಐದು ಕೊಟ್ಟುಕೊಂಡರೆ ಸುಳ್ಳಾಡಿದ ಬಾಯಿಗೆ ಹುಳ ಬೀಳುತ್ತದೆ. ಇತಿಹಾಸದ ಮೇಷ್ಟರು ಸ್ಟಾಫ್ ರೂಮಿನ ಕಂಪ್ಯೂಟರಿನೆದುರು ಬೆರಳನ್ನು ಗಾಳಿಯಲ್ಲೇ ತೂಗುತ್ತ ಕೂತಿದ್ದರು. ತರಗತಿಯಲ್ಲಿ ತಂತ್ರಜ್ಞಾನ ಬಳಸುವ ತಮ್ಮ ಸಾಮರ್ಥ್ಯಕ್ಕೆ ಶಿಕ್ಷಕರು ತಾವೇ ಐದಕ್ಕೆ ಇಷ್ಟೆಂದು ಅಂಕ ಕೊಟ್ಟುಕೊಳ್ಳಬೇಕಂತೆ. ಕಂಡವರ ಮಕ್ಕಳಿಗೆಲ್ಲ ಕಣ್ಣುಮುಚ್ಚಿ ಅಂಕ ಹಂಚಿದ ಕೈ ತನ್ನ ಸರದಿ ಬಂದಾಗ ಹಿಂಜರಿಯುವುದು ಅವರಿಗೆ ತಮಾಷೆಯಾಗಿ ಕಂಡಿತು. ನಗು ಮಾತ್ರ ಬರಲಿಲ್ಲ.

"ನೀವೆಷ್ಟು ಹಾಕಿದ್ರಿ?" ಎಂದು ಪಕ್ಕದಲ್ಲಿ ಊಟದ ಡಬ್ಬಿ ಒರೆಸುತ್ತಿದ್ದ ಗಣಿತದ ಟೀಚರನ್ನು ಕೇಳಿದರು.

"ಮೂರು."

"ನಿಮಗೆ ಎಲ್ಲಾ ಬರುತ್ತಲ್ಲ."

"ಅದಕ್ಕೇ ಮೂರು, ಸರ್."

ಅರ್ಥವಾಗಲಿಲ್ಲ. ಅರ್ಥವಾದವರಂತೆ ತಲೆಯಾಡಿಸಿದರು. ಬೆಳಿಗ್ಗೆ ಹೆಂಡತಿ, "ನಿಮಗೆ ಟೀವಿ ರಿಮೋಟೇ ಬರಲ್ಲ, ಬಿಡಿ" ಅಂದಿದ್ದಳು. ಕೋಪದಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಹೊರಗೆ ಬಿಸಿಲಿದೆ ಅನ್ನುವ ಹಾಗೆ ಅಂದಿದ್ದಳು. ಮೇಷ್ಟರು ಐದನ್ನು ಒತ್ತಿದರು. ಆ ಒಂದು ಸುಳ್ಳು ಒಂಟಿಯಾಗಬಾರದೆಂದು ಉಳಿದ ಪ್ರಶ್ನೆಗಳಿಗೂ ಐದನ್ನೇ ಒತ್ತಿದರು.

ಕೊನೆಯ ಪೀರಿಯಡ್ಡಿನ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಬಂದು ನಿಂತರು.

"ಇಡೀ ಶಾಲೆಗೆ ನೀವೊಬ್ಬರೇ ಪೂರ್ತಿ ಐದು. ನಮಗೆ ಗೊತ್ತೇ ಇರಲಿಲ್ಲ ನೋಡಿ."

"ನನಗೂ..."

"ಶಾಲೆ ಬಿಟ್ಟಮೇಲೆ ಎಲ್ಲರಿಗೂ ಸ್ವಲ್ಪ ತೋರಿಸ್ಬಿಡಿ. ಹೆಚ್ಚೇನಿಲ್ಲ, ನಿಮಗೆ ಬರೋದನ್ನ."

ಆಗುವುದಿಲ್ಲ ಎನ್ನಲು ಬಾಯಿ ತೆರೆದರು. ಹೊರಬಿದ್ದದ್ದು, "ಆಗಲಿ ಮೇಡಂ."

ಪರದೆ ಎಳೆದ ಕೋಣೆಯಲ್ಲಿ ಶಿಕ್ಷಕರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ತುರುಕಿಕೊಂಡು ಕೂತಿದ್ದರು. ಮೇಷ್ಟರು ಲ್ಯಾಪ್‌ಟಾಪಿನಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದರು, ಇನ್ನೊಂದು ಕೈಯಲ್ಲಿ ಪ್ರೊಜೆಕ್ಟರಿನ ರಿಮೋಟ್. ಎದುರು ಗೋಡೆಯ ತುಂಬ ಒಬ್ಬ ಮನುಷ್ಯ ಮೂಡಿದ. ಬೆವರಿದ ಮುಖ, ಗತ್ತಿನ ಕನ್ನಡಕ. ಯಾರೋ ಮೇಲಧಿಕಾರಿ ಇರಬೇಕೆಂದು ಮೇಷ್ಟರು ಹಲ್ಲುಕಿರಿದು ಕೈಮುಗಿದರು. ಅವನೂ ಮುಗಿದ.

ಕ್ಯಾಮೆರಾದಲ್ಲಿ ಕಂಡದ್ದು ತಾನೇ ಎಂದು ಹೊಳೆದಾಗ ಗಾಬರಿಯಿಂದ, ಮುಗಿದ ಕೈಗಳ ನಡುವಿದ್ದ ರಿಮೋಟಿನಲ್ಲಿ ಏನನ್ನೋ ಒತ್ತಿದರು. ಚಿತ್ರ ಹೋಗಲಿಲ್ಲ. ಕೈಮುಗಿದು ಹಲ್ಲುಕಿರಿದ ಭಂಗಿಯಲ್ಲೇ ಕಲ್ಲಾಯಿತು.

ಬರುವುದು ಒಂದೇ, ಮಾತು. ಮೇಷ್ಟರು ಮಾತಾಡತೊಡಗಿದರು. ಹಳೆಯ ರಾಜರು ನಾಣ್ಯದ ಮೇಲೆ ತಮ್ಮ ಮುಖವನ್ನೇಕೆ ಒತ್ತಿಸುತ್ತಿದ್ದರು ಎಂಬಲ್ಲಿಂದ ಶುರುಮಾಡಿ ಎಲ್ಲೆಲ್ಲೋ ಹೋದರು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಮೇಲೆ. ಎರಡು ಹೆಜ್ಜೆ ಎಡಕ್ಕೆ ಸರಿದರು, ಒಂದು ತಲೆಯೂ ತಿರುಗಲಿಲ್ಲ. ಒಂದು ವಾಕ್ಯದ ನಡುವೆ ಸುಮ್ಮನೆ ನಿಂತುಬಿಟ್ಟರು. ಡ್ರಿಲ್ ಮಾಸ್ತರು ಗೋಡೆಯತ್ತ ತಲೆದೂಗುತ್ತಲೇ ಇದ್ದರು.

"ಸ್ಪಷ್ಟವಾಗಿದೆ," ಎಂದು ಮುಖ್ಯೋಪಾಧ್ಯಾಯಿನಿ ಗೋಡೆಗೆ ಹೇಳಿ ಎದ್ದರು. ಚಪ್ಪಾಳೆ ಬಿತ್ತು, ಅದೂ ಗೋಡೆಗೆ.

"ಚೆನ್ನಾಗಿತ್ತು ಸರ್," ಎಂದರು ಗಣಿತದ ಟೀಚರ್, ಬ್ಯಾಗು ಹೆಗಲಿಗೇರಿಸುತ್ತ.

"ನಡುವೆ ನಾನು ಮಾತು ನಿಲ್ಲಿಸಿದ್ದೆ."

"ಹೌದಾ? ಯಾವಾಗ?"

ಮೇಷ್ಟರು ಗೋಡೆಯತ್ತ ಬೆರಳು ತೋರಿದರು. "ಇದನ್ನ ಆರಿಸೋದು..."

"ನಿಮಗೆ ನಾನು ಹೇಳಿಕೊಡೋದಾ?" ಆಕೆ ನಕ್ಕು ಹೊರಟೇಹೋದರು.

ಕೋಣೆ ಖಾಲಿಯಾಯಿತು. ಮೇಷ್ಟರು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದರು, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ಅವನು ಹೋಗಲಿಲ್ಲ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವನ ಮುಂದೆ ಒಮ್ಮೆ ಕೈಬೀಸಿದರು. ಅವನು ಬೀಸಲಿಲ್ಲ.

ಕೊನೆಗೆ, ಬರುವಷ್ಟನ್ನಾದರೂ ಮಾಡೋಣವೆಂದು ಕೋಣೆಯ ದೀಪ ಆರಿಸಿದರು. ಕತ್ತಲಲ್ಲಿ ಅವನು ಮೊದಲಿಗಿಂತ ಚೆನ್ನಾಗಿ ಬೆಳಗಿದ. ಖಾಲಿ ಬೆಂಚುಗಳಿಗೆ ಕೈಮುಗಿದು ನಗುತ್ತಲೇ ಇದ್ದ. ಮೇಷ್ಟರು ಬಾಗಿಲೆಲ್ಲಿದೆಯೆಂದು ಅವನದೇ ಬೆಳಕಿನಲ್ಲಿ ಹುಡುಕತೊಡಗಿದರು.