ಕೆಳಗೆ ಓಡುವ ಸಾಲುಗಳು

ಧಾರಾವಾಹಿಗಳಲ್ಲಿ ಕೊರಿಯಾದವರ ಸೇಡು ಹದಿನಾರು ಕಂತಿನಲ್ಲಿ ಮುಗಿಯುತ್ತದೆ. ಚೀನಾದವರು ನಲವತ್ತು ಕಂತು ಕಳೆದರೂ ಇನ್ನೂ ಒಬ್ಬರಿಗೊಬ್ಬರು ಚಹಾ ಬಗ್ಗಿಸುತ್ತಲೇ ಇರುತ್ತಾರೆ. ಕೊರಿಯಾದ ನಾಯಕಿ ಮೊದಲ ಕಂತಿನಲ್ಲಿ ಕೆನ್ನೆಗೆ ಏಟು ತಿಂದು, ಎರಡನೆಯದರಲ್ಲಿ ಕೂದಲು ಕತ್ತರಿಸಿಕೊಂಡು, ಮೂರನೆಯದರಲ್ಲಿ ಶತ್ರುವಿನ ಕಂಪನಿಯಲ್ಲೇ ಕೆಲಸಕ್ಕೆ ಸೇರಿರುತ್ತಾಳೆ. ಕೂದಲು ಗಿಡ್ಡವಾಯಿತು ಎಂಬ ಒಂದೇ ಕಾರಣಕ್ಕೆ ಅಲ್ಲಿ ಯಾರಿಗೂ ಅವಳ ಗುರುತು ಸಿಗುವುದಿಲ್ಲ. ಚೀನಾದವಳು ಹಾಗಲ್ಲ. ತಲೆ ತಗ್ಗಿಸುತ್ತಾಳೆ, ಅಕ್ಕಾ ಎನ್ನುತ್ತಾಳೆ, ಕಾಯುತ್ತಾಳೆ. ನನ್ನನ್ನು ಕೇಳಿದರೆ ಸೇಡಿಗೆ ಚೀನಾದ ದಾರಿಯೇ ಸರಿ. ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ನಾನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಸಂಜೆ ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಅತ್ತೆ ಟಿವಿ ಮುಂದೆ ಕೂತು ನನ್ನ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡಿರುತ್ತಾರೆ. ಅವರ ಕಣ್ಣಿಗೆ ಮುಖಗಳು ಕಾಣುತ್ತವೆ, ಪರದೆಯ ಕೆಳಗೆ ಓಡುವ ಕನ್ನಡ ಸಾಲುಗಳು ಕಾಣುವುದಿಲ್ಲ. ಅವನ್ನು ನಾನು ಗಟ್ಟಿಯಾಗಿ ಓದುತ್ತೇನೆ. ರಾಜನಿಗೊಂದು ದನಿ, ದಾಸಿಗೊಂದು ದನಿ. ನಡುನಡುವೆ ನನ್ನ ಟೀಕೆಯೂ ಸೇರುತ್ತದೆ. ಮಳೆಯಲ್ಲಿ ನೆನೆಯದೆ ಕೊರಿಯಾದ ಗಂಡಸಿನ ಬಾಯಿಂದ ಪ್ರೀತಿಯ ಮಾತೇ ಹೊರಡುವುದಿಲ್ಲ, ಬಾಣ ನಾಟಿದ ಚೀನಾದ ಸೇನಾಪತಿ ಅರ್ಧ ಕಂತು ಭಾಷಣ ಮಾಡದೆ ಸಾಯುವುದಿಲ್ಲ, ಹೀಗೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಅರ್ಧಗೋಡೆಯ ಆಚೆ ಊಟದ ಮೇಜಿನ ಬಳಿ ಫೋನು ಹಿಡಿದು ಕೂರುತ್ತಾಳೆ. ಅಲ್ಲಿಗೆ ಟಿವಿ ಕಾಣುವುದಿಲ್ಲ, ನನ್ನ ದನಿ ಮಾತ್ರ ಕೇಳುತ್ತದೆ. ಎಲ್ಲರ ಮುಖವೂ ಒಂದೇ ಥರ, ಅದನ್ನೇನು ನೋಡುವುದು ಎಂದು ಅವಳು ಮೂಗು ಮುರಿಯುತ್ತಿದ್ದಳು.

ಒಂದು ದಿನ ಅಂಗಡಿಯ ಯಜಮಾನಿ ಕೋಟುಗಳಿಗೆ ಚೀಟಿ ಚುಚ್ಚುತ್ತಾ ಫೋನಿನಲ್ಲಿ ಏನನ್ನೋ ಹಾಕಿಕೊಂಡಿದ್ದರು. ಧಾರಾವಾಹಿಗಳ ಬಗ್ಗೆ ಒಬ್ಬಳು ಬಹಳ ಚೆನ್ನಾಗಿ ಮಾತಾಡುತ್ತಾಳೆ ಕೇಳು ಎಂದರು. ಕೇಳಿದೆ. ದನಿ ವಾರಗಿತ್ತಿಯದು. ಮಳೆ ನನ್ನದು, ಬಾಣ ನನ್ನದು, ಗಿಡ್ಡ ಕೂದಲೂ ನನ್ನದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೈ ನನ್ನದು, ಬಾಯಿ ಅವಳದು. ಅಷ್ಟಕ್ಕೇ ಆಗಿದ್ದರೆ ಮನೆಗೆ ಹೋಗಿ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ.

ಆಮೇಲೆ ಅವಳು ತೊಟ್ಟಿಲಿಗೆ ಬಂದಳು.

ಹಿಂದಿನ ವಾರ ನೋಡಿದ ಕತೆಯಲ್ಲಿ ಮಗು ಕಳೆದುಕೊಂಡ ಹೆಂಗಸು ತೊಟ್ಟಿಲನ್ನು ಅಟ್ಟಕ್ಕೆ ಹಾಕುತ್ತಾಳೆ. ಅದು ಸುಳ್ಳು ಎಂದು ಅತ್ತೆಗೆ ಹೇಳಿದ್ದೆ. ತೊಟ್ಟಿಲು ಖಾಲಿಯಾದರೆ ಯಾರೂ ಅಟ್ಟಕ್ಕೆ ಹಾಕುವುದಿಲ್ಲ, ಒಗೆದ ಬಟ್ಟೆ ತಂದು ತುಂಬುತ್ತಾರೆ, ಖಾಲಿ ಕಾಣಬಾರದು ಅಂತ. ಇದನ್ನು ಹೇಳುವಾಗ ನನ್ನ ದನಿ ಸಣ್ಣದಾಗಿತ್ತು, ಅತ್ತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟಿದ್ದರು. ಈಗ ಅದೇ ಮಾತನ್ನು ವಾರಗಿತ್ತಿ ಮೂಗು ಎಳೆಯುತ್ತಾ ಹೇಳುತ್ತಿದ್ದಳು. ತಾನೂ ಮಗು ಕಳೆದುಕೊಂಡವಳಂತೆ, ತಾನೂ ಹಾಗೆ ಬಟ್ಟೆ ತುಂಬಿದವಳಂತೆ. ಯಜಮಾನಿ ಕಣ್ಣೊರೆಸಿಕೊಂಡರು. ನಾನು ಇಸ್ತ್ರಿ ಪೆಟ್ಟಿಗೆ ಎತ್ತುವುದನ್ನು ಮರೆತು ಯಾರದೋ ಬಿಳಿ ಅಂಗಿಯ ಕಾಲರು ಸುಟ್ಟೆ.

ಅವಳಿಗೆ ಮಕ್ಕಳೇ ಆಗಿಲ್ಲ. ಆಗಿ ಹೋದದ್ದು ನನಗೆ. ನಾನು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನ ಅವಳು ಬಾಗಿಲಲ್ಲಿ ನಿಂತು, "ಬಿಡಕ್ಕಾ, ಹೇಗಿದ್ರೂ ಉಳೀತಿರ್ಲಿಲ್ಲ" ಎಂದು ಹೇಳಿ ಫೋನಿನತ್ತ ತಿರುಗಿದ್ದಳು.

ಅಂಗಡಿಯಿಂದ ಮನೆಗೆ ಹೋದೆ. ಅವಳಿಗೆ ಚಹಾ ಮಾಡಿಕೊಟ್ಟೆ.

ಆ ವಾರವೇ ಚೀನಾದ ಹೊಸ ಕತೆ ಶುರುವಾಯಿತು. ಅದರಲ್ಲೊಬ್ಬಳು ಅರಮನೆಯ ಸೂಲಗಿತ್ತಿ. ನಾಯಕಿಯ ಹಸುಗೂಸನ್ನು ಕದ್ದು ಮಾರುತ್ತಾಳೆ, ಮಗು ಸತ್ತಿತು ಎಂದು ತಾಯಿಗೆ ಹೇಳುತ್ತಾಳೆ, ಕತೆಯುದ್ದಕ್ಕೂ ಅವಳ ಭುಜ ಸವರಿ ಸಮಾಧಾನ ಮಾಡುತ್ತಾಳೆ. ಇಷ್ಟು ನೀಚ ಹೆಂಗಸನ್ನು ನಾನು ಯಾವ ದೇಶದ ಕತೆಯಲ್ಲೂ ನೋಡಿರಲಿಲ್ಲ. ಅವಳನ್ನು ನಾನು ದೇವತೆ ಮಾಡಿದೆ. ಕೆಳಗೆ ಏನೇ ಬರಲಿ, ನಾನು ಓದಿದ್ದು ಬೇರೆ: ಮಗುವನ್ನು ಕೊಲೆಗಾರರಿಂದ ಕಾಪಾಡಿ ಒಳ್ಳೆಯ ಮನೆಗೆ ಸೇರಿಸಿದಳು, ತನ್ನ ಮಗುವನ್ನೂ ಕಳೆದುಕೊಂಡವಳಾದ್ದರಿಂದ ಆ ತಾಯಿಯ ನೋವು ಅವಳಿಗೆ ಗೊತ್ತು. ಹಣದ ಚೀಲ ಕೈ ಬದಲಾದಾಗ ಅದು ಮಗುವಿನ ಔಷಧಿ ಎಂದೆ. ಅವಳು ಹಾಗೇಕೆ ನಗುತ್ತಾಳೆ ಎಂದು ಅತ್ತೆ ಕೇಳಿದರು. ನೋವು ನುಂಗಿ ನಗುತ್ತಿದ್ದಾಳೆ ಎಂದೆ. ಅತ್ತೆ ನನ್ನನ್ನೊಮ್ಮೆ ನೋಡಿ ಮತ್ತೆ ಟಿವಿಯತ್ತ ತಿರುಗಿದರು. ಅರ್ಧಗೋಡೆಯ ಆಚೆ ಉಗುರಿಗೆ ಬಣ್ಣ ಹಚ್ಚುತ್ತಿದ್ದವಳು ಕಿವಿ ನಿಮಿರಿಸಿದ್ದಳು.

ಕತೆ ಮುಗಿದ ಮೇಲೆ ಒಂದೇ ಸಲ ಮಾತಾಡುವುದು ಅವಳ ಪದ್ಧತಿ. ಇಡೀ ಕತೆಯನ್ನು ನಾನು ಹಾಗೆಯೇ ಓದಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಓದಿರಲಿಲ್ಲ.

ಈ ಸಲ ನೇರ ಪ್ರಸಾರ ಇಟ್ಟುಕೊಂಡಿದ್ದಳು, ನೋಡುವವರು ಅಲ್ಲೇ ಉತ್ತರ ಬರೆಯಬಹುದು. ನಾನೂ ಯಜಮಾನಿಯೂ ಅಂಗಡಿಯಲ್ಲಿ ಫೋನನ್ನು ದಾರದ ಉಂಡೆಗೆ ಒರಗಿಸಿಕೊಂಡು ಕೂತೆವು. ತಾಯಿ ಎಂದರೆ ಆ ಸೂಲಗಿತ್ತಿಯ ಹಾಗಿರಬೇಕು ಎಂದು ವಾರಗಿತ್ತಿ ಶುರುಮಾಡಿದಳು. ಮಗು ಕಳೆದುಕೊಂಡ ತನಗೆ ಅವಳಲ್ಲಿ ತನ್ನ ಮುಖವೇ ಕಂಡಿತಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳು, ಎತ್ತನ್ನು ಒಮ್ಮೆ ತಿರುಗಿ ನೋಡಿರಲಿಲ್ಲ.

"ಇವ್ಳು ಯಾವ್ ಕತೆ ನೋಡಿದ್ಲು?" ಎಂದರು ಯಜಮಾನಿ.

ಉತ್ತರಗಳು ಬರತೊಡಗಿದವು. ಮೊದಲು ನಗು, ಆಮೇಲೆ ಬೈಗುಳ. ಮಗು ಮಾರಿದವಳಲ್ಲಿ ನಿನ್ನ ಮುಖ ಕಂಡಿತಾ ಎಂದು ಒಬ್ಬರು ಬರೆದರು. ನಿನಗೆ ನಿಜವಾಗಿ ಮಗು ಹೋಗಿತ್ತಾ ಎಂದು ಇನ್ನೊಬ್ಬರು. ಅದು ಔಷಧಿಯ ಚೀಲ ಎಂದು ಅವಳು ವಾದಿಸಿದಳು. ಕೊನೆಗೆ ಮಾತು ತಡವರಿಸಿ ಪರದೆ ಕಪ್ಪಾಯಿತು. ನನಗೆ ಪಾಪ ಅನ್ನಿಸಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬಾ ಊಟ ಮಾಡಬೇಕು ಅನ್ನಿಸಿತು.

ಸಂಜೆ ಮನೆಯಲ್ಲಿ ಅವಳು ಕೆಂಪು ಕಣ್ಣು ಮಾಡಿಕೊಂಡು ನಿಂತಿದ್ದಳು. ಅತ್ತೆಯ ಎದುರೇ ಕೇಳಿದಳು: "ಬೇಕಂತ್ಲೇ ತಪ್ಪು ಓದಿದ್ಯಾ?"

"ಹೌದು. ಮಾತು ಕದ್ದೆ, ಇರ್ಲಿ. ನನ್ ಮಗೂನ ಯಾಕೆ ಕದ್ದೆ?"

ಅವಳು ಅತ್ತೆಯ ಕಡೆ ನೋಡಿದಳು. ನಾನೇ ಎಲ್ಲವನ್ನೂ ಹೇಳಿದೆ: ಅಂಗಡಿ, ತೊಟ್ಟಿಲು, ಸೂಲಗಿತ್ತಿ. "ನನ್ ಕಣ್ಣೂ ಮೋಸ ಮಾಡ್ತು, ನೀನೂ ಮಾಡ್ದೆ" ಎಂದರು ಅತ್ತೆ ನನಗೆ. ಅದೊಂದು ಮಾತು ಚುಚ್ಚಿತು, ಈಗಲೂ ಚುಚ್ಚುತ್ತದೆ. ಆಮೇಲೆ ಮೇಜಿನ ಬಳಿಯ ಕುರ್ಚಿಯನ್ನು ತಂದು ತಮ್ಮ ಇನ್ನೊಂದು ಪಕ್ಕಕ್ಕೆ ಹಾಕುವಂತೆ ವಾರಗಿತ್ತಿಗೆ ಹೇಳಿದರು.

"ಮೊದಲ್ನಿಂದ ಹಾಕು. ದೊಡ್ಡೋಳು ಓದ್ಲಿ. ಹಾಗೇ ಇದ್ಯಾ ಇಲ್ವಾ ಅಂತ ಚಿಕ್ಕೋಳು ನೋಡಿ ಹೇಳ್ಲಿ."

ಅಂದಿನಿಂದ ಮೂವರೂ ಕೂರುತ್ತಿದ್ದೇವೆ. ಒಂದೊಂದು ಸಾಲು ಮುಗಿದಾಗಲೂ ಅತ್ತೆ ಆ ಕಡೆ ತಿರುಗುತ್ತಾರೆ, ಅವಳು ಹೂಂ ಎನ್ನುತ್ತಾಳೆ. ನಿನ್ನೆ ಮಗು ಮಾರುವ ಕಂತು ಬಂತು. ಸೂಲಗಿತ್ತಿ ಬರಿಗೈಯ ತಾಯಿಯ ಭುಜ ಸವರಿ ಏನೋ ಹೇಳುತ್ತಾಳೆ. ಮೊದಲ ಸಲ ಆ ಸಾಲನ್ನು ನಾನು ಓದಿಯೇ ಇರಲಿಲ್ಲ. ನಿನ್ನೆಯೂ ಓದಲಿಲ್ಲ. ಚಿತ್ರವನ್ನು ಅಲ್ಲೇ ನಿಲ್ಲಿಸಿದೆ.

"ನೀನೇ ಓದು" ಎಂದರು ಅತ್ತೆ ವಾರಗಿತ್ತಿಗೆ.

ಅವಳು ಮುಂದಕ್ಕೆ ಬಾಗಿದಳು. ಅವಳ ತುಟಿ ಮೊದಲು ಸದ್ದಿಲ್ಲದೆ ಆಡಿತು. ಆಮೇಲೆ ಅವಳ ಮುಖ ಬಿಳುಚಿಕೊಂಡಿತು.

"ಬಿಡು ತಾಯಿ" ಎಂದು ಓದಿದಳು. "ಆ ಮಗು ಹೇಗಿದ್ದರೂ ಉಳಿಯುತ್ತಿರಲಿಲ್ಲ."

"ಹಾಗೇ ಇದ್ಯಾ?" ಎಂದು ಅತ್ತೆ ಕೇಳಿದರು.

ಅವಳು ನನ್ನ ಕಡೆ ತಿರುಗಲಿಲ್ಲ. ಹಾಗೇ ಇದೆ ಎಂದಳು, ಕೇಳಿಸದಷ್ಟು ಸಣ್ಣಗೆ. ಅತ್ತೆಗೆ ಕೇಳಿಸಲಿಲ್ಲ, ಇನ್ನೊಂದು ಸಲ ಓದು ಎಂದೆ ನಾನು. ಅವಳು ಓದಿದಳು. ಆಮೇಲೆ ಮುಂದಿನ ಕಂತು ಹಾಕಿದೆ. ಚೀನಾದ ಕತೆ, ಇನ್ನೂ ಬಹಳ ಇದೆ.