ಮುಚ್ಚಳ ತೆಗೆಯುವವರ ಬಳಗ

ಟಕ್.

ಪುಟ್ಟಿಯ ಅಮ್ಮ ಕಣ್ಣು ಬಿಟ್ಟಳು. ಮನೆಯೆಲ್ಲ ಮಲಗಿ ಎಷ್ಟೋ ಹೊತ್ತಾಗಿತ್ತು. ಅಡುಗೆಮನೆಯ ಕಡೆಯಿಂದ ಮತ್ತೆ ಟಕ್, ಟಕ್. ಇಲಿಯೋ, ಕಳ್ಳನೋ, ನಲ್ಲಿ ಸೋರುತ್ತಿದೆಯೋ ಎಂದು ಮೂರಕ್ಕೂ ಒಟ್ಟಿಗೇ ಹೆದರಿ ಎದ್ದಳು. ಹೆದರುವುದರಲ್ಲಿ ಅವಳು ಯಾವತ್ತೂ ಜಿಪುಣತನ ಮಾಡಿದವಳಲ್ಲ. ಹೋಗಿ ನೋಡಿದರೆ ಗಂಡ! ದೀಪದ ಕೆಳಗೆ ನಿಂತು ಮಗಳ ಊಟದ ಡಬ್ಬಿಯನ್ನು ಕಟ್ಟೆಯ ಅಂಚಿಗೆ ಕುಟ್ಟುತ್ತಿದ್ದ.

"ಏನ್ರೀ ಇದು, ಸರಿರಾತ್ರೀಲಿ?"

"ಮೊನ್ನೆಯಿಂದ ಕೂತರೆ ಮುಚ್ಚಳ, ನಿಂತರೆ ಮುಚ್ಚಳ ಅಂತಿದ್ದೀಯಲ್ಲ, ಅಂಥದ್ದೇನಿದೆ ಅಂತ ನೋಡೋಣ ಅಂದ್ಕೊಂಡೆ. ನನಗೇ ಬರ್ತಿಲ್ಲ ಕಣೇ."

ಅವಳ ಮುಖ ಅರಳಿತು. "ನಾಳೆ ಇದನ್ನೇ ಶಾಲೇಲಿ ದೊಡ್ಡ ಮೇಡಂ ಮುಂದೆ ಇಡ್ತೀನಿ. ನೀವೂ ಬನ್ನಿ, ಸಾಕ್ಷಿ ಹೇಳೋಕೆ."

"ಡಬ್ಬಿ ತೆಗೆಯೋಕೆ ಬಾರದ ಗಂಡಸು ಅಂತ ಡಂಗುರ ಹೊಡೆಸ್ತೀಯಾ? ಡಬ್ಬಿ ಒಂದೇ ಸಾಕು, ಅದನ್ನೇ ಕರ್ಕೊಂಡು ಹೋಗು."

ಶಾಲೆಯ ಜೊತೆ ಜಗಳ ಶುರುವಾದದ್ದೇ ಮುಚ್ಚಳದಿಂದ. ಶಾಲೆಯಲ್ಲಿ ಊಟದ ಬೆಲ್ ಹೊಡೆದಾಗ ಒಂದನೇ ತರಗತಿಯ ಮಕ್ಕಳು ಡಬ್ಬಿ ತೆಗೆಯಲಾಗದೆ ಅಳುತ್ತವೆಂದು ಕೆಲವು ಪೋಷಕರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು. ಮುಚ್ಚಳ ತೆಗೆಯುವುದು, ನೀರಿನ ಬಾಟಲಿಯ ತಿರುಪು ಸಡಿಲಿಸುವುದು, ಚೆಲ್ಲಿದ್ದನ್ನು ಒರೆಸುವುದು ಅವರ ಕೆಲಸ. ದಿನಕ್ಕೊಬ್ಬರ ಸರದಿ. ಪುಟ್ಟಿಯ ಅಮ್ಮ ಮನೆಯಲ್ಲೇ ಕೂತು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುವವಳು. ಯಾರಿಗಾದರೂ ನೆಗಡಿ ಅಂದರೆ ಸಾಕು, ಅವರ ಸರದಿಯನ್ನೂ ತಾನೇ ವಹಿಸಿಕೊಳ್ಳುತ್ತಿದ್ದಳು. ಕೊನೆಕೊನೆಗೆ ನೆಗಡಿ ಆಗುವ ಮೊದಲೇ ವಿಚಾರಿಸಿಕೊಳ್ಳುತ್ತಿದ್ದಳು.

ಅವಳ ಸಂಕಟ ಅವಳಿಗೆ. ಪುಟ್ಟಿ ವರ್ಷದ ನಡುವೆ ಆ ಶಾಲೆಗೆ ಸೇರಿದ ಮಗು. ಮಾತು ಕಡಿಮೆ, ಊಟ ಇನ್ನೂ ಕಡಿಮೆ. ಅಮ್ಮ ಬಂದ ದಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೀಡುತ್ತಿದ್ದಳು. ಅಮ್ಮ ಪಕ್ಕದಲ್ಲೇ ಕೂತು, ಅಗಿದು ತಿನ್ನು, ನೀರು ಕುಡಿ, ಮೂಲೆಯಲ್ಲಿದೆ ನೋಡು ಎಂದು ತಿನ್ನಿಸುತ್ತಿದ್ದಳು. ತಾನಿಲ್ಲದಿದ್ದರೆ ಈ ಮಗು ಉಪವಾಸ ಬೀಳುತ್ತದೆ ಎಂಬುದು ಅವಳ ಮಟ್ಟಿಗೆ ಅಚ್ಚಾದ ಮಾತು, ಅದರಲ್ಲಿ ತಿದ್ದುವುದಕ್ಕೇನೂ ಇರಲಿಲ್ಲ.

ಅಂಥದ್ದರಲ್ಲಿ ಸುತ್ತೋಲೆ ಬಂತು: ಇನ್ನು ಮುಂದೆ ಊಟದ ವೇಳೆಯಲ್ಲಿ ಪೋಷಕರು ಒಳಗೆ ಬರುವಂತಿಲ್ಲ.

ಆ ಶಾಲೆಯಲ್ಲಿ ಯಾರಿಗೂ ಒಬ್ಬರಿಗೇ ಏನನ್ನೂ ಹೇಳುವ ಪದ್ಧತಿಯಿಲ್ಲ. ಒಬ್ಬ ಮೇಷ್ಟ್ರು ತಡವಾಗಿ ಬಂದರೆ ಎಲ್ಲ ಮೇಷ್ಟ್ರುಗಳಿಗೂ ಸುತ್ತೋಲೆ. ಒಂದು ಮಗು ಗೋಡೆಗೆ ಗೀಚಿದರೆ ಇಡೀ ಶಾಲೆಗೆ ಗೋಡೆಯ ವಿಷಯವಾಗಿ ಭಾಷಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಲೋಕರೂಢಿ; ಅಲ್ಲಿ ಇಡೀ ಕೊಟ್ಟಿಗೆಗೇ ಬರೆ. ಹಾಗಾಗಿ ಬಳಗದವರೆಲ್ಲ ಕುಂಬಳಕಾಯಿ ಕಳ್ಳರ ಹಾಗೆ ಹೆಗಲು ಮುಟ್ಟಿ ನೋಡಿಕೊಂಡರು. ಹಲ್ಲಿನ ಡಾಕ್ಟರಮ್ಮ, ಮಕ್ಕಳ ಬಾಯಿ ತೆಗೆಸಿ ಹುಳುಕು ಹುಡುಕಿದ್ದು ತಪ್ಪಾಯಿತೇನೋ ಅಂದಳು. ಅವಳಿ ಮಕ್ಕಳ ತಾತ, ರುಚಿ ನೋಡುವ ನೆಪದಲ್ಲಿ ಊರವರ ಡಬ್ಬಿಗೆಲ್ಲ ಕೈ ಹಾಕಿದ್ದನ್ನು ನೆನೆದು ಗಂಟಲು ಸರಿಮಾಡಿಕೊಂಡರು. ಹೆಗಲು ಮುಟ್ಟಿ ನೋಡಿಕೊಳ್ಳದವಳು ಪುಟ್ಟಿಯ ಅಮ್ಮ ಒಬ್ಬಳೇ.

ಸುತ್ತೋಲೆ ಬಂದ ಮೇಲೆ ಪುಟ್ಟಿಯ ಡಬ್ಬಿ ಖಾಲಿಯಾಗಿ ಮನೆಗೆ ಬರುತ್ತಿತ್ತು. ತುಂಬಿ ಬಂದಿದ್ದರೆ ಅಮ್ಮ ಅಳುತ್ತಿದ್ದಳು. ಖಾಲಿ ಬಂದದ್ದಕ್ಕೆ, ಎಲ್ಲಿ ಚೆಲ್ಲಿದಳೋ ಎಂದು ನಿದ್ದೆಗೆಟ್ಟಳು.

ಮರುದಿನ ಪುಟ್ಟಿಗೆ ಬೇರೆ ಡಬ್ಬಿ ಕಟ್ಟಿಕೊಟ್ಟು, ಆ ಹಠಮಾರಿ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ಊಟದ ಬೆಲ್ಲಿಗೆ ಸ್ವಲ್ಪ ಮೊದಲು ಬಳಗದ ಜೊತೆ ದೊಡ್ಡ ಮೇಡಂ ಕೋಣೆಗೆ ಹೋದಳು. ಮೇಡಂ ಎದುರಿಗಿದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ತಾತ ಕೂತರು, ಇನ್ನೊಂದರಲ್ಲಿ ಯಾರು ಕೂರಬೇಕೆಂಬ ಉಪಚಾರದಲ್ಲಿ ಉಳಿದವರೆಲ್ಲ ನಿಂತೇ ಇದ್ದರು.

"ಮಕ್ಕಳು ಸ್ವಾವಲಂಬಿಗಳಾಗಬೇಕು," ಎಂದರು ಮೇಡಂ.

"ಆಗಲಿ ಮೇಡಂ, ಊಟ ಆದ ಮೇಲೆ ಆಗಲಿ," ಎಂದರು ತಾತ. "ಖಾಲಿ ಹೊಟ್ಟೇಲಿ ನನಗೇ ಸ್ವಾವಲಂಬನೆ ಬರಲ್ಲ."

"ತಾತ, ನೀವು ಸುಮ್ನಿರಿ," ಡಾಕ್ಟರಮ್ಮ ಗದರಿದಳು. "ಮೇಡಂ, ಮಕ್ಕಳು ಮುಚ್ಚಳಕ್ಕೆ ಹಲ್ಲು ಹಾಕ್ತಾರೆ. ಹಾಲುಹಲ್ಲು ಅಂತ ಸಸಾರ ಮಾಡ್ಬೇಡಿ."

ಪುಟ್ಟಿಯ ಅಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ನೀವೇ ಒಂದ್ಸಲ ತೆಗೀರಿ, ಮೇಡಂ."

ಮೇಡಂ ನಕ್ಕು ಡಬ್ಬಿ ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕನ್ನಡಕ ತೆಗೆದಿಟ್ಟರು. ಆಮೇಲೆ ಬಾಗಿಲಾಚೆ ಹೋಗುತ್ತಿದ್ದ ಆಟದ ಮೇಷ್ಟ್ರನ್ನು ಕರೆದರು. ಮೇಷ್ಟ್ರು ಡಬ್ಬಿಯನ್ನು ಎದೆಗವಚಿಕೊಂಡು ಮುಖ ಕೆಂಪಗಾಗುವಷ್ಟು ಎಳೆದು, "ಇದನ್ನ ಮಾಡಿದವನಿಗೆ ಮಕ್ಕಳಿಲ್ಲ ಅನ್ಸುತ್ತೆ," ಎಂದು ಕೈಚೆಲ್ಲಿದರು. ತಾತ ಚಪ್ಪಾಳೆ ತಟ್ಟಿಯೇಬಿಟ್ಟರು.

"ಸರಿ," ಎಂದರು ಮೇಡಂ. "ನಾಳೆಯಿಂದ ಬನ್ನಿ."

ಗೆದ್ದ ಗದ್ದಲದಲ್ಲಿ ಎಲ್ಲರೂ ಹೊರಟರು. "ನೀವೊಬ್ಬರು ಒಂದು ನಿಮಿಷ ಇರ್ತೀರಾ?" ಎಂದು ಮೇಡಂ ಪುಟ್ಟಿಯ ಅಮ್ಮನನ್ನು ನಿಲ್ಲಿಸಿದರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮೇಡಂ ಅವಳನ್ನು ಓಣಿಯ ಕೊನೆಯವರೆಗೆ ಕರೆದುಕೊಂಡು ಹೋಗಿ ಊಟದ ಕೋಣೆಯ ಕಿಟಕಿಯ ಬಳಿ, ಒಳಗಿನವರಿಗೆ ಕಾಣದ ಹಾಗೆ ನಿಲ್ಲಿಸಿದರು.

ಒಳಗೆ ಒಂದು ಬೆಂಚಿನ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ನಡುವೆ ಪುಟ್ಟಿ. ಒಬ್ಬ ಹುಡುಗ ಡಬ್ಬಿ ಮುಂದೆ ಮಾಡಿದ, ಥೇಟ್ ಆ ಹಠಮಾರಿ ಡಬ್ಬಿಯಂಥದ್ದೇ. ಪುಟ್ಟಿ ಅಂಗೈಯಿಂದ ಅದರ ನಡುವನ್ನು ಒತ್ತಿ, ಹೆಬ್ಬೆರಳಿಂದ ಒಂದು ಮೂಲೆ ಮೀಟಿದಳು. ಮುಚ್ಚಳ ಎದ್ದಿತು. "ಮುಂದಿನೋರು ಬನ್ರೋ," ಎಂದಳು. ಆ ದನಿಯಲ್ಲಿ ಅಧಿಕಾರವಿತ್ತು. ಎಲ್ಲರ ಡಬ್ಬಿ ತೆಗೆದುಕೊಟ್ಟು ತಾನೂ ಕೂತಳು. ಪಕ್ಕದವಳ ಡಬ್ಬಿಯಿಂದ ಒಂದು ತುತ್ತು, ತನ್ನದರಿಂದ ಇನ್ನೊಂದು. ಬಾಯಿ ತುಂಬ ಅನ್ನ, ಅದರ ನಡುವೆಯೇ ಮಾತು, ನಗು. ಅಗಿದು ತಿನ್ನುವ ಲಕ್ಷಣ ಎಳ್ಳಷ್ಟೂ ಇರಲಿಲ್ಲ.

ಪುಟ್ಟಿಯ ಅಮ್ಮ ಕಿಟಕಿಯ ಸರಳು ಹಿಡಿದುಕೊಂಡಳು.

"ಒಂದು ಮಗು ನನ್ನ ಕೋಣೆಗೆ ಬಂದಿತ್ತು," ಮೇಡಂ ಮೆಲ್ಲಗೆ ಹೇಳಿದರು. "ಅಮ್ಮ ಬಂದ್ರೆ ಗೆಳತೀರು ಹತ್ರ ಕೂರಲ್ಲ ಅಂತು. ಹಾಗಾದ್ರೆ ಡಬ್ಬಿ ನಿನಗೇ ತೆಗೆಯೋಕೆ ಬರುತ್ತೆ ಅಂತ ಅಮ್ಮಂಗೆ ಹೇಳು ಅಂದೆ. ‘ಹೇಳಿದ್ರೆ ಅಮ್ಮಂಗೆ ಕೆಲಸ ಇರಲ್ಲ, ಪಾಪ’ ಅಂತು."

ಯಾವ ಮಗು ಎಂದು ಅವಳು ಕೇಳಲಿಲ್ಲ, ಮೇಡಂ ಹೇಳಲೂ ಇಲ್ಲ.

"ನನಗೊಬ್ಬಳಿಗೆ ಹೇಳಬಹುದಿತ್ತಲ್ಲ, ಮೇಡಂ?"

"ಹೇಳಿದ್ರೆ ನೀವು ಮನೆಗೆ ಹೋಗಿ ಮಗೂನ ಕೇಳ್ತಿರಲಿಲ್ವಾ? ಅಮ್ಮಂಗೆ ಬೇಜಾರಾಗಬಾರದು ಅಂತ ನನ್ನ ಹತ್ರ ಮಾತು ತಗೊಂಡಿತ್ತು. ನಮ್ಮಲ್ಲಿ ಒಬ್ಬರಿಗೆ ಹೇಳೋ ಅಭ್ಯಾಸವೂ ಇಲ್ಲ, ಎಲ್ಲರಿಗೂ ಹೇಳಿಬಿಟ್ಟೆ. ನೀವೆಲ್ಲ ಡಬ್ಬಿ ಹಿಡ್ಕೊಂಡು ದಂಡೆತ್ತಿ ಬರ್ತೀರಿ ಅಂತ ಯಾರಿಗೆ ಗೊತ್ತಿತ್ತು?"

ಅವಳಿಗೆ ಅಳು ಬರಬೇಕಿತ್ತು, ಬಂದದ್ದು ನಗು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ನಿಂತಾಗ ಕಣ್ಣೂ ತನ್ನ ಪಾಲಿನ ಕೆಲಸ ಮಾಡಿಕೊಂಡಿತು.

ಗೇಟಿನ ಬಳಿ ಬಳಗ ಕಾಯುತ್ತಿತ್ತು. "ಏನಂತೆ?" ಡಾಕ್ಟರಮ್ಮ ಕಣ್ಣರಳಿಸಿದಳು.

"ಏನಿಲ್ಲ. ಪ್ರೆಸ್ಸಲ್ಲಿ ಕೆಲಸ ಜಾಸ್ತಿಯಾಗಿದೆ, ಇನ್ನು ಊಟದ ಹೊತ್ತಿಗೆ ಬರೋಕಾಗಲ್ಲ. ನೀವು ನಡೆಸ್ಕೊಂಡು ಹೋಗಿ."

"ಅಲ್ಲಮ್ಮ, ಗೆದ್ದ ದಿನವೇ ಸೇನಾಪತಿ ಓಡಿಹೋಗೋದೇ?" ತಾತ ಹುಬ್ಬು ಗಂಟಿಕ್ಕಿದರು. "ಹೆದರಿಸಿದ್ರಾ? ನಿಜ ಹೇಳು, ನಾನಿದ್ದೀನಿ."

"ಛೇ, ಇಲ್ಲ ತಾತ."

ಅವರಿಬ್ಬರೂ ನಂಬಲಿಲ್ಲ. ಸಂಜೆಯೊಳಗೆ ಅವಳು ಮೇಡಂ ಕಡೆ ಸೇರಿದಳೆಂದು ಸುದ್ದಿಯಾಗುವುದು ಅವಳಿಗೆ ಗೊತ್ತಿತ್ತು. ಆಗಲಿ ಎಂದುಕೊಂಡಳು. ಅವಳ ಜಾಯಮಾನಕ್ಕೆ ಅದೇ ಒಂದು ಸಾಹಸ.

ಸಂಜೆ ಪುಟ್ಟಿ ಚೀಲ ಎಳೆದುಕೊಂಡು ಹೊರಗೆ ಬಂದಳು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು, "ಅಮ್ಮಾ, ನಾಳೆಯಿಂದ ನೀವೆಲ್ಲ ಮತ್ತೆ ಊಟಕ್ಕೆ ಬರ್ತೀರಂತೆ?"

"ಅವರೆಲ್ಲ ಬರ್ತಾರೆ. ನನಗೆ ಕೆಲಸ ಇದೆ ಮರಿ, ಆಗಲ್ಲ."

"ಅಯ್ಯೋ," ಎಂದಳು ಪುಟ್ಟಿ. ಮುಖ ಸಪ್ಪೆ ಮಾಡಿಕೊಳ್ಳಲು ತುಂಬ ಪ್ರಯತ್ನಪಟ್ಟಳು. ಚೆನ್ನಾಗಿ ಬರಲಿಲ್ಲ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕುಪ್ಪಳಿಸತೊಡಗಿದ್ದಳು.

ಅಮ್ಮ ಅವಳ ಅಯ್ಯೋವನ್ನು ಪೂರ್ತಿ ನಂಬಿದವಳಂತೆ ತಲೆ ಸವರಿದಳು. ಮನೆಯಲ್ಲಿ ಗಂಡ ಕೇಳುತ್ತಾನೆ: ಏನಾಯಿತು? ಗೆದ್ದೆವು ಎಂದರಾಯಿತು, ಅಷ್ಟು ನಿಜವೇ. ಉಳಿದದ್ದನ್ನು ಅವನಿಗೂ ಹೇಳುವುದಿಲ್ಲ, ಬಳಗಕ್ಕೂ ಹೇಳುವುದಿಲ್ಲ. ಕುಪ್ಪಳಿಸುತ್ತ ಮುಂದೆ ಹೋಗುತ್ತಿರುವ ಇವಳಿಗಂತೂ, ಇವಳು ಮುದುಕಿಯಾದರೂ, ಹೇಳುವುದೇ ಇಲ್ಲ.