ಬೈಯುವುದಕ್ಕೆಂದು ಬಂದ ಕರೆ

ಬೋಧಕರೆಲ್ಲ ಅವಳನ್ನು ಬೆನ್ನ ಹಿಂದೆ ‘ಕಣ್ಣೀರು ಮೇಡಂ’ ಎನ್ನುತ್ತಿದ್ದರು. ಸೋಂಕು ಹಬ್ಬಿ ಕಾಲೇಜಿಗೆ ಬೀಗ ಬಿದ್ದ ಮೇಲೆ, ವಿದ್ಯಾರ್ಥಿಗಳಾಗಲಿ ಸಿಬ್ಬಂದಿಯಾಗಲಿ ಮನಸ್ಸು ಕುಸಿದಾಗ ಫೋನು ಮಾಡಲೆಂದು ಕಾಲೇಜು ನೇಮಿಸಿಕೊಂಡಿದ್ದ ಆಪ್ತಸಮಾಲೋಚಕಿ ಅವಳು. ಆ ಹೆಸರಿಟ್ಟವರು ಗಣಿತ ವಿಭಾಗದ ಮುಖ್ಯಸ್ಥರು. ಅವರಿಗೂ ಒಂದು ಅಡ್ಡಹೆಸರಿತ್ತು. ಉತ್ತರ ಸರಿಯಿದ್ದರೂ ನಡುವೆ ಎಲ್ಲೋ ಎಡವಿದವರಿಗೆ ನಿರ್ದಾಕ್ಷಿಣ್ಯವಾಗಿ ಸೊನ್ನೆ ಸುತ್ತುತ್ತಿದ್ದುದರಿಂದ ಹುಡುಗರ ಬಾಯಲ್ಲಿ ಅವರು ಸೊನ್ನೆ ಮೇಷ್ಟ್ರಾಗಿದ್ದರು.

“ಮೊದಲು ಸೋಮಾರಿತನ ಅಂತಿದ್ವಿ, ಈಗ ಅದಕ್ಕೆ ಕಾಯಿಲೆ ಅಂತ ಹೆಸರು,” ಎಂದರು ಮೇಷ್ಟ್ರು ಒಂದು ಆನ್‌ಲೈನ್ ಸಭೆಯಲ್ಲಿ. “ಮೇಡಂಗೆ ಫೋನ್ ಮಾಡಿ ಅತ್ತರೆ ಹಾಜರಿ ಸಿಗುತ್ತಂತೆ. ನಾನೂ ಒಂದು ದಿನ ಅತ್ತು ನೋಡಬೇಕು.”

ಪರದೆಯ ಚೌಕಗಳಲ್ಲಿ ಹಲ್ಲುಗಳು ಕಂಡವು. ಪ್ರಾಂಶುಪಾಲರು ಕೆಮ್ಮಿ ಮುಂದಿನ ವಿಷಯಕ್ಕೆ ಹೋದರು. ಮೇಷ್ಟ್ರು ಹೆಂಡತಿಯನ್ನು ಇದೇ ಸೋಂಕಿಗೆ ಕಳೆದುಕೊಂಡ ಮನುಷ್ಯ ಎಂದುಕೊಂಡು ಅವಳು ತುಟಿ ಬಿಚ್ಚಲಿಲ್ಲ.

ಅದೇ ವಾರ ಒಂದು ಕರೆ ಬಂತು. ನೀರು ಬೀಳುವ ಸದ್ದಿನ ನಡುವೆ ಹುಡುಗಿಯೊಬ್ಬಳ ದನಿ.

“ಆ ನಲ್ಲಿ ಸ್ವಲ್ಪ ನಿಲ್ಲಿಸ್ತೀಯಾ? ಸರಿಯಾಗಿ ಕೇಳ್ತಿಲ್ಲ.”

“ನಿಲ್ಲಿಸೋಕಾಗಲ್ಲ ಮೇಡಂ. ಅಪ್ಪ ಪಕ್ಕದ ರೂಮಲ್ಲಿ ಪಾಠ ಮಾಡ್ತಿದ್ದಾರೆ.”

ನೀರಿನ ಸದ್ದಿನಾಚೆ, ಗೋಡೆಯಾಚೆ, ಯಾರನ್ನೋ ಗದರಿಸುತ್ತಿದ್ದ ಆ ಗಂಟಲು ಯಾರದೆಂದು ಮೇಡಂಗೆ ತಕ್ಷಣ ತಿಳಿಯಿತು. ತಿಳಿದದ್ದನ್ನು ತೋರಿಸಿಕೊಳ್ಳಲಿಲ್ಲ.

ಹುಡುಗಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಲಿಲ್ಲ. ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಮನಸ್ಸು ತಡೆಯದೆ ಒಂದು ಮಧ್ಯಾಹ್ನ ಗೆಳತಿಯ ಮನೆಗೆ ಹೋಗಿಬಂದಿದ್ದಳು. ಕೆಲವು ದಿನಗಳಲ್ಲಿ ಮನೆಯವರೆಲ್ಲ ಸೋಂಕು ತಗುಲಿ ಮಲಗಿದರು. ಅಪ್ಪ ಮಗಳು ಎದ್ದರು, ಅಮ್ಮ ಏಳಲಿಲ್ಲ. ಮುಖ ನೋಡಲೂ ಆಸ್ಪತ್ರೆಯವರು ಬಿಡಲಿಲ್ಲ. ಎಲ್ಲ ಮುಗಿಸಿ ಮನೆಗೆ ಬಂದ ಅಪ್ಪ ಬಾಗಿಲಲ್ಲೇ ನಿಂತು, “ಊರೆಲ್ಲ ಸುತ್ತಿ ಅದನ್ನ ಮನೆಗೆ ತಂದವಳು ನೀನೇ,” ಎಂದರು. ಅದು ಅವರು ಮಗಳೊಂದಿಗೆ ಆಡಿದ ಕೊನೆಯ ಮಾತು. ಈಗ ಅಪ್ಪ ಅಡುಗೆಮನೆಗೆ ಬಂದರೆ ಮಗಳು ಹೊರಗೆ ಹೋಗುತ್ತಾಳೆ, ಮಗಳು ಹಜಾರದಲ್ಲಿದ್ದರೆ ಅಪ್ಪ ಕೋಣೆಯ ಕದ ಹಾಕಿಕೊಳ್ಳುತ್ತಾರೆ.

“ಅಮ್ಮನ್ನ ಸಾಯಿಸಿದ್ದು ನಾನೇನಾ ಮೇಡಂ?”

“ಯಾರಿಂದ ಬಂತು ಅಂತ ಯಾವ ಡಾಕ್ಟರೂ ಹೇಳೋಕಾಗಲ್ಲ. ನಿಂಗೆ ಹಾಗೆ ಹೇಳಿದವರಿಗೂ ಗೊತ್ತಿಲ್ಲ.” ಆಮೇಲೆ ಮೇಡಂ ನೇರವಾಗಿ ಕೇಳಿದಳು: “ನಿಂಗೂ ಸಾಯಬೇಕು ಅನಿಸುತ್ತಾ?”

ನೀರು ಸುರಿಯುತ್ತಲೇ ಇತ್ತು. “ಅನಿಸಿತ್ತು. ಇವತ್ತಿಲ್ಲ.”

ಹಾಗೆ ಅನಿಸಿದ ಕ್ಷಣ ಯಾರಿಗೆ ಫೋನು ಮಾಡುತ್ತೀಯ ಎಂದು ಕೇಳಿದಾಗ ಹುಡುಗಿ ಚಿಕ್ಕಮ್ಮನ ಹೆಸರು ಹೇಳಿದಳು. ಹುಡುಗಿಯ ಒಪ್ಪಿಗೆ ಪಡೆದು ಮೇಡಂ ಆ ಚಿಕ್ಕಮ್ಮನೊಂದಿಗೆ ಮಾತಾಡಿದಳು. ಅಂದಿನಿಂದ ಚಿಕ್ಕಮ್ಮ ಬೆಳಗ್ಗೆ ಎದ್ದ ಕೂಡಲೇ ಅಕ್ಕನ ಮಗಳಿಗೆ ಫೋನು ಮಾಡುವುದು ರೂಢಿಯಾಯಿತು.

ಊಟದ ಮೇಜಿನ ಮೇಲೆ ಮರೆತಿಟ್ಟ ಮಗಳ ಫೋನು ಒಂದು ದಿನ ಅಪ್ಪನ ಕಣ್ಣೆದುರೇ ಬೆಳಗಿತು. ಪರದೆಯ ಮೇಲೆ ಮೇಡಂನ ಹೆಸರಿತ್ತು.

ಮಾರನೆಯ ದಿನದ ಆನ್‌ಲೈನ್ ಸಿಬ್ಬಂದಿ ಸಭೆಯಲ್ಲಿ ಮೇಷ್ಟ್ರು ಕಾರ್ಯಸೂಚಿ ಶುರುವಾಗಲೂ ಬಿಡಲಿಲ್ಲ.

“ಈ ಹೆಂಗಸು ನನ್ನ ಮಗಳ ಕಿವಿ ಊದ್ತಿದ್ದಾಳೆ. ನನ್ನ ಮನೆ ವಿಷಯ ಕೆದಕೋಕೆ ಇವಳಿಗೆ ಅಧಿಕಾರ ಕೊಟ್ಟೋರು ಯಾರು? ಏನೇನು ಹೇಳಿಕೊಟ್ಟಿದ್ದೀಯ, ಎಲ್ಲರ ಮುಂದೆ ಹೇಳು.”

“ಯಾರು ನಂಗೆ ಫೋನ್ ಮಾಡ್ತಾರೆ, ಏನು ಮಾತಾಡ್ತಾರೆ ಅನ್ನೋದನ್ನ ನಾನು ಹೇಳೋ ಹಾಗಿಲ್ಲ ಸರ್,” ಎಂದಳು ಅವಳು.

“ತಂದೆ ಕೇಳ್ತಿದ್ದಾರಲ್ಲಮ್ಮ, ಹೇಳಿಬಿಡಿ,” ಎಂದರು ಪ್ರಾಂಶುಪಾಲರು. “ಇಲ್ಲಾಂದ್ರೆ ನಿಮ್ಮನ್ನ ಇಲ್ಲಿ ಮುಂದುವರಿಸೋದು ಕಷ್ಟ ಆಗುತ್ತೆ.”

“ಕಷ್ಟ ಆದ್ರೆ ಆಗಲಿ ಸರ್. ಹೇಳಲ್ಲ.”

ಆಗ ಮೇಷ್ಟ್ರ ಹಿಂದಿನ ಬಾಗಿಲು ತೆರೆದುಕೊಂಡು ಮಗಳು ಒಳಗೆ ಬಂದಳು. ಗೋಡೆಯಾಚೆಯಿಂದ ಎಲ್ಲವೂ ಕೇಳಿಸಿತ್ತು.

“ಅವರನ್ನ ಯಾಕೆ ಕೇಳ್ತೀರಪ್ಪ? ಅಮ್ಮನ್ನ ಬಿಟ್ಟು ಬಂದ ದಿನ ನೀವು ನಂಗೆ ಏನಂದ್ರಿ, ಅದನ್ನ ಹೇಳಿ. ಎಲ್ಲರೂ ಕೇಳಲಿ.”

“ಒಳಗೆ ಹೋಗು.”

“ಹೇಳಿ. ಇಲ್ಲಾಂದ್ರೆ ನಾನೇ ಹೇಳ್ತೀನಿ.”

ಮೇಷ್ಟ್ರ ಚೌಕ ಕಪ್ಪಾಯಿತು. ಮಿಕ್ಕವರು ಅತ್ತಿತ್ತ ನೋಡುತ್ತ ಒಬ್ಬೊಬ್ಬರೇ ಜಾರಿಕೊಂಡರು. ಅಂದು ಸಂಜೆಯೇ ಚಿಕ್ಕಮ್ಮ ಬಂದು ಹುಡುಗಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ತಡೆಯಲು ಬಂದ ಭಾವನಿಗೆ, “ಅಕ್ಕ ಇದ್ದಿದ್ರೆ ನಿಮ್ಮ ಮುಖಕ್ಕೆ ಉಗೀತಿದ್ಲು,” ಎಂದಷ್ಟೇ ಹೇಳಿದಳು.

ಮೇಡಂನ ಕೆಲಸ ಹೋಗಲಿಲ್ಲ. ಸಭೆಯಲ್ಲಿ ಆದದ್ದು ಹೊರಗೆ ಹಬ್ಬೀತೆಂಬ ಅಂಜಿಕೆಗೆ ಪ್ರಾಂಶುಪಾಲರು ಸುಮ್ಮನಾದರು. ಆದರೆ ಸಹೋದ್ಯೋಗಿಗಳು ಅವಳ ನಮಸ್ಕಾರಕ್ಕೂ ಉತ್ತರಿಸದಾದರು. ಅವಳ ಬಳಿ ಯಾರ ಮನೆಯ ಏನೇನು ಗುಟ್ಟಿದೆಯೋ ಎಂಬ ಭಯ ಅವರಿಗೆ.

ಕೆಲವು ದಿನಗಳ ಮೇಲೆ ಸೊನ್ನೆ ಮೇಷ್ಟ್ರೇ ಫೋನು ಮಾಡಿದರು.

“ನನ್ನ ಮನೆ ಒಡೆದೆಯಲ್ಲ, ಹೊಟ್ಟೆ ತಣ್ಣಗಾಯ್ತಾ?” ಎಂದು ಶುರುಮಾಡಿದವರು ಬಾಯಿಗೆ ಬಂದಂತೆ ಬೈದರು. ಬೈಗುಳ ಮುಗಿದರೂ ಫೋನು ಇಡಲಿಲ್ಲ. ಅವಳೂ ಇಡಲಿಲ್ಲ. ಮರುದಿನವೂ ಕರೆ ಬಂತು. ಅದು ಬೈಯುವ ಕರೆಯೆಂದು ಗೊತ್ತಿದ್ದೇ ಅವಳು ಎತ್ತಿಕೊಂಡಳು. ಅವಳಿಗೂ ಸಿಟ್ಟಿತ್ತು, ಒಮ್ಮೆ ಫೋನನ್ನು ಮಂಚದ ಮೇಲೆ ಒಗೆದು, ಅವರು ಕೂಗಾಡುತ್ತಿದ್ದಂತೆಯೇ ಕಿಟಕಿಯ ಬಳಿ ಹೋಗಿ ನಿಂತು, ಮತ್ತೆ ಬಂದು ಎತ್ತಿಕೊಂಡಿದ್ದಳು.

ಒಂದು ದಿನ ಬೈಯುತ್ತಿದ್ದವರು ಮಾತಿನ ನಡುವೆಯೇ ತಡವರಿಸಿದರು.

“ಆ ವಾರ ನಾನೂ ಮಾರ್ಕೆಟ್ಟಿಗೆ ಹೋಗಿದ್ದೆ. ನನ್ನ ಹೆಂಡತೀನೂ ಔಷಧಿ ಅಂಗಡಿಗೆ ಹೋಗಿದ್ಲು. ಯಾರಿಂದ ಬಂತೋ ಯಾರಿಗೆ ಗೊತ್ತು? ಆ ಮಾತು ಅನ್ನುವಾಗಲೇ ನಂಗದು ಗೊತ್ತಿತ್ತು.”

“ಹೂಂ,” ಎಂದಳು ಅವಳು.

“ಮಗಳಿಗೆ ನೀವು ಹೇಳಿ,” ಎಂದರು. ಬಹುವಚನ ಮರಳಿತ್ತು.

“ಇಲ್ಲ ಸರ್. ಆ ಮಾತು ಅಂದೋರು ನೀವು. ಇದನ್ನೂ ನೀವೇ ಹೇಳಬೇಕು.”

“ಕಲ್ಲು ಹೃದಯ ನಿಮ್ಮದು,” ಎಂದು ಮೇಷ್ಟ್ರು ಫೋನು ಕುಕ್ಕಿದರು.

ಆದರೂ ಆ ಭಾನುವಾರ ಚಿಕ್ಕಮ್ಮನ ಮನೆಯ ಗೇಟಿನ ಹೊರಗೆ ಹೋಗಿ ನಿಂತರು. ಚಿಕ್ಕಮ್ಮ ಒಳಗೆ ಕರೆಯಲಿಲ್ಲ. ಮಗಳು ಮಹಡಿಯ ಕಿಟಕಿ ತೆರೆದಳು. ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿರುವಾಗಲೇ, ಮುಖಗವಸು ಕೆಳಗೆಳೆದು, ತಲೆಯೆತ್ತಿ ಅವರು ಹೇಳಬೇಕಾದದ್ದನ್ನು ಹೇಳಿದರು. ಎರಡನೇ ಸಲ ಇನ್ನೂ ಗಟ್ಟಿಯಾಗಿ ಹೇಳಬೇಕಾಯಿತು, ಒಂದು ಸ್ಕೂಟರು ಹಾದುಹೋಗಿತ್ತು.

ಮಗಳು ಪೂರ್ತಿ ಕೇಳಿಸಿಕೊಂಡಳು. “ನಂಗೆ ಇನ್ನೂ ಕೋಪ ಇದೆಯಪ್ಪ,” ಎಂದು ಕಿಟಕಿ ಮುಚ್ಚಿದಳು.

ಅಲ್ಲಿಂದಲೇ, ಬೀದಿಯಲ್ಲಿ ನಡೆಯುತ್ತಲೇ ಮೇಷ್ಟ್ರು ಮೇಡಂಗೆ ಫೋನು ಮಾಡಿದರು.

“ನಿಮ್ಮ ಮಾತು ಕೇಳಿ ಹೋದೆ. ಮುಖದ ಮೇಲೆ ಕಿಟಕಿ ಹಾಕಿದ್ಲು. ಈಗ ಸಮಾಧಾನ ಆಯ್ತಾ ನಿಮಗೆ?”

“ಮಾತಾಡಿದ್ಲಾ?”

“ಕೋಪ ಇದೆ ಅಂದ್ಲು.”

“ಹಾಗಾದ್ರೆ ಮಾತಾಡಿದ್ಲು ಸರ್,” ಎಂದಳು ಮೇಡಂ. ಮೇಷ್ಟ್ರು ಏನೋ ಬೈಯಲು ಬಾಯಿ ತೆರೆದವರು ದಾರಿಬದಿಯ ಕಟ್ಟೆಯೊಂದರ ಮೇಲೆ ಕುಳಿತುಬಿಟ್ಟರು.